ಥೈರಾಯ್ಡ್ ಮಾತ್ರೆಗೆ ಆರು ವಾರ ಬೇಕು, ಜಗಳಕ್ಕೆ ಒಂದು ಬೆಳಗು ಸಾಕು

ಮಾನ್ಯ ಸಂಪಾದಕರೇ,

ಥೈರಾಯ್ಡ್ ಕುರಿತ ಆರೋಗ್ಯ ಬರಹಗಳು ಸಾಮಾನ್ಯವಾಗಿ ತೂಕ, ಕೂದಲು, ಮಾತ್ರೆ ಇಷ್ಟಕ್ಕೇ ಮುಗಿಯುತ್ತವೆ. ಈ ಕಾಯಿಲೆ ಗಂಡ ಹೆಂಡಿರ ನಡುವೆ ತಂದಿಡುವ ಬಿರುಕಿನ ಬಗ್ಗೆಯೂ ನಾಲ್ಕು ಮಾತು ಆಗಬೇಕು.

ಹೈಪೋಥೈರಾಯ್ಡ್‌ನಲ್ಲಿ ಥೈರಾಯ್ಡ್ ಗ್ರಂಥಿಯ ಹಾರ್ಮೋನ್ ಸಾಲದೆ ಇಡೀ ದೇಹ ನಿಧಾನವಾಗುತ್ತದೆ. ರಾತ್ರಿಯಿಡೀ ಮಲಗಿದರೂ ಸುಸ್ತು ಹೋಗುವುದಿಲ್ಲ. ಮೈ ಭಾರ, ಚಳಿ, ಮಲಬದ್ಧತೆ, ಮರೆವು, ಮಂಕು, ಹೆಂಗಸರಿಗೆ ಮುಟ್ಟಿನಲ್ಲಿ ಅತಿಸ್ರಾವ. ಪಕ್ಕದಲ್ಲಿರುವವರಿಗೆ ಇದು ಸೋಮಾರಿತನವಾಗಿ ಕಾಣುತ್ತದೆ, ಇಲ್ಲವೇ 'ನನ್ನ ಮೇಲೆ ಮನಸ್ಸಿಲ್ಲ' ಅನ್ನಿಸುತ್ತದೆ. ಹೈಪರ್‌ಥೈರಾಯ್ಡ್‌ನಲ್ಲಿ ಇದರ ತಿರುವುಮುರುವು, ಹಾರ್ಮೋನ್ ಅತಿಯಾಗುತ್ತದೆ: ಎದೆ ಡವಡವ, ಕೈ ನಡುಕ, ಸೆಕೆ, ನಿದ್ದೆಗೇಡು, ಸಣ್ಣ ಮಾತಿಗೂ ಸಿಡಿಮಿಡಿ. ಅದನ್ನು ದುಡುಕು ಸ್ವಭಾವ ಎಂದು ಹಳಿಯುತ್ತಾರೆ. ಕಾಯಿಲೆ ಪತ್ತೆಯಾಗುವ ಮೊದಲೇ ಇಂಥ ಹಣೆಪಟ್ಟಿ ಅಂಟಿಬಿಟ್ಟಿರುತ್ತದೆ. ಚಿಕಿತ್ಸೆ ಶುರುವಾದ ಮೇಲೂ ಅದನ್ನು ಕೀಳದೆ ಬಿಡುವುದೇ ದೊಡ್ಡ ಅನ್ಯಾಯ.

ಇನ್ನೊಂದು ತೊಡಕು ಕಾಲದ್ದು. 'ಮಾತ್ರೆ ಶುರು ಮಾಡಿ ಹದಿನೈದು ದಿನ ಆಯ್ತಲ್ಲ, ಇನ್ನೂ ಯಾಕೆ ಹೀಗೆ?' ಎಂಬ ಪ್ರಶ್ನೆಯಿಂದಲೇ ಎಷ್ಟೋ ಜಗಳ ಹುಟ್ಟುತ್ತವೆ. ಹೈಪೋ ಇರುವವರಿಗೆ ಕೊಡುವ ಹಾರ್ಮೋನ್ ಮಾತ್ರೆ ಲೆವೊಥೈರಾಕ್ಸಿನ್‌ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯುವ ಕಾಲ, ಸುಮಾರು 7 ದಿನ. ರಕ್ತದಲ್ಲಿ ಅದರ ಮಟ್ಟ ಒಂದು ಹದಕ್ಕೆ ಬಂದು ನಿಲ್ಲಲು 5–6 ವಾರ ಹಿಡಿಯುತ್ತದೆ. ಹಾಗಾಗಿಯೇ ಡೋಸ್ ಬದಲಿಸಿದ 6–8 ವಾರಗಳ ನಂತರ ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್, ಹೈಪೋದಲ್ಲಿ ಸಾಮಾನ್ಯವಾಗಿ ಏರಿರುತ್ತದೆ) ಮತ್ತೆ ನೋಡುವುದು. ಸರಿಯಾದ ಡೋಸ್ ಸಿಗಲು ಇಂಥ ಎರಡು ಮೂರು ಸುತ್ತು ಬೇಕಾಗಬಹುದು, ಅಂದರೆ ನಾಲ್ಕಾರು ತಿಂಗಳು. ಈ ಅವಧಿಯಲ್ಲಿ ದಾಂಪತ್ಯದ ದೊಡ್ಡ ತೀರ್ಮಾನಗಳನ್ನು ಮುಂದೂಡಿ ಎಂಬುದು ನನ್ನ ಖಚಿತ ಸಲಹೆ. ಮುಂದಿನ ರಕ್ತಪರೀಕ್ಷೆಯ ದಿನವನ್ನು ಕ್ಯಾಲೆಂಡರಿನಲ್ಲಿ ಇಬ್ಬರೂ ಸೇರಿ ಗುರುತು ಹಾಕಿ. ಅಲ್ಲಿಯವರೆಗೆ ಮನೆಗೆಲಸದಲ್ಲಿ ಯಾವುದನ್ನು ಯಾರು ಮಾಡುವುದು, ಯಾವುದನ್ನು ಬಿಡುವುದು ಎಂದು ಬಾಯಿಬಿಟ್ಟು ಮಾತಾಡಿಕೊಳ್ಳಿ. ಮಾತಾಡದೆ ಹೊತ್ತುಕೊಂಡ ಕೆಲಸವೇ ಆಮೇಲೆ ಕಹಿಯಾಗುವುದು.

ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಟಿಎಸ್‌ಎಚ್ ಇಳಿಯದಿದ್ದರೆ, ಡೋಸ್ ಸಾಲದೋ ಎಂದು ಯೋಚಿಸುವ ಮುನ್ನ ನುಂಗುವ ರೀತಿಯನ್ನು ನೋಡಬೇಕು. ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ, ತಿಂಡಿಗೂ ಕಾಫಿಗೂ 30–60 ನಿಮಿಷ ಮೊದಲು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ. ಇವು ಹೊಟ್ಟೆಯಲ್ಲೇ ಹಾರ್ಮೋನಿಗೆ ಅಂಟಿಕೊಂಡು ಅದು ರಕ್ತ ಸೇರದಂತೆ ತಡೆಯುತ್ತವೆ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಬೇಕು, ಇಲ್ಲವಾದರೆ ವರದಿ ತಪ್ಪು ಬರಬಹುದು. ಇಲ್ಲಿ ಸಂಗಾತಿ ಮಾಡಬಹುದಾದ ಸಹಾಯ ಬಹಳ ಸರಳ: ರಾತ್ರಿಯೇ ಮಾತ್ರೆ, ನೀರು ಹಾಸಿಗೆಯ ಬಳಿ ಇಟ್ಟು, ಬೆಳಿಗ್ಗೆಯ ಆ ಅರ್ಧ ಗಂಟೆ ಅವಸರ ಮಾಡದಿರುವುದು. 'ಮಾತ್ರೆ ತಗೊಂಡ್ಯಾ?' ಎಂದು ದಿನವೂ ವಿಚಾರಣೆ ಬೇಡ. ಅದರಲ್ಲೂ ಜಗಳದ ನಡುವೆ ಆ ಪ್ರಶ್ನೆ ಬಂದರೆ ಅದು ಕಾಳಜಿಯಲ್ಲ, ಚುಚ್ಚುಮಾತು.

ಹೈಪರ್ ಇರುವವರಿಗೆ ಹೊಸ ಹಾರ್ಮೋನ್ ತಯಾರಾಗದಂತೆ ತಡೆಯುವ ಕಾರ್ಬಿಮಜೋಲ್ ಕೊಟ್ಟರೂ ಗ್ರಂಥಿಯಲ್ಲಿ ಮೊದಲೇ ಕೂಡಿಟ್ಟ ಹಾರ್ಮೋನ್ ಖಾಲಿಯಾಗಲು ವಾರಗಳು ಬೇಕು. ಎದೆಬಡಿತ, ನಡುಕಕ್ಕೆ ವೈದ್ಯರು ಪ್ರೊಪ್ರನಲಾಲ್ ಸೇರಿಸಿದರೆ ಅವು ಬೇಗ ತಗ್ಗುತ್ತವೆ. ಮನೆಯವರು ಮರೆಯಬಾರದ ಮಾತೊಂದಿದೆ: ಕಾರ್ಬಿಮಜೋಲ್ ತೆಗೆದುಕೊಳ್ಳುವಾಗ ಜ್ವರ, ಗಂಟಲುನೋವು ಬಂದರೆ ಅದೇ ದಿನ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಂಡು ಬಿಳಿರಕ್ತಕಣಗಳ ಎಣಿಕೆ ಮಾಡಿಸಬೇಕು.

ಹಾಸಿಗೆಯ ವಿಷಯವನ್ನು ಮುಚ್ಚಿಡುವುದರಿಂದ ಅನುಮಾನಗಳು ಬೆಳೆಯುತ್ತವೆ. ಆಸಕ್ತಿ ಕುಂದುವುದು, ಯೋನಿಯ ಶುಷ್ಕತೆ, ಗಂಡಸರಲ್ಲಿ ನಿಮಿರುವಿಕೆಯ ತೊಂದರೆ, ಶೀಘ್ರಸ್ಖಲನ ಇವೆಲ್ಲ ಥೈರಾಯ್ಡ್ ಏರುಪೇರಿನಿಂದಲೂ ಬರುತ್ತವೆ, ಚಿಕಿತ್ಸೆಯಿಂದ ಹೆಚ್ಚಿನವರಲ್ಲಿ ಸುಧಾರಿಸುತ್ತವೆ. ವೈದ್ಯರ ಬಳಿ ಇಬ್ಬರೂ ಹೋಗಿ, ನೇರವಾಗಿ ಹೇಳಿ.

ಹೆರಿಗೆಯಾದ ಮೊದಲ ವರ್ಷದಲ್ಲಿ ಥೈರಾಯ್ಡ್ ಉರಿಯೂತ ಬರಬಹುದು. ಮೊದಲ ಕೆಲವು ತಿಂಗಳು ಚಡಪಡಿಕೆ, ಆಮೇಲೆ ಸುಸ್ತು, ಖಿನ್ನತೆ. 'ಮಗು ಆದ ಮೇಲೆ ಇವಳು ಬದಲಾದಳು' ಎನ್ನುವ ಮುನ್ನ ಒಂದು ಟಿಎಸ್‌ಎಚ್ ಪರೀಕ್ಷೆ ಮಾಡಿಸಿ.

ಎಲ್ಲವನ್ನೂ ಥೈರಾಯ್ಡ್ ತಲೆಗೆ ಕಟ್ಟುವುದೂ ತಪ್ಪು. ವರದಿ ಕೆಲವು ತಿಂಗಳಿಂದ ಸರಿಯಿದ್ದೂ ಮಂಕು ಹೋಗದಿದ್ದರೆ ರಕ್ತಹೀನತೆ, ಬಿ12 ಕೊರತೆ, ಗೊರಕೆಯೊಂದಿಗೆ ನಿದ್ದೆಯಲ್ಲಿ ಉಸಿರುಕಟ್ಟುವುದು, ಖಿನ್ನತೆ ಇವೆಯೇ ಎಂದು ನೋಡಿಸಬೇಕು. ಹೊಡೆತ, ಅವಮಾನಗಳಿಗೆ ಯಾವ ಹಾರ್ಮೋನೂ ಸಮಜಾಯಿಷಿಯಲ್ಲ. ಅಂಥಲ್ಲಿ ಆರು ವಾರ ಕಾಯುವ ಮಾತೇ ಇಲ್ಲ, ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು.

ಇಂತಿ,
ಒಬ್ಬ ಓದುಗ