ಮೊದಲ ಹಿಮವನ್ನು ನಂಬಬೇಡ

ನೀರ್ಚಾಲು,
ಕಾರ್ತಿಕ ಮಾಸ

ಚಿ. ಪ್ರಸನ್ನನಿಗೆ ಮಾವನ ಆಶೀರ್ವಾದಗಳು.

ಡಿಸೆಂಬರಿನಲ್ಲಿ ಗುಲ್ಮಾರ್ಗಕ್ಕೆ ಸ್ಕೀಯಿಂಗಿಗೆ, ಆಮೇಲೆ ಹಿಮಾಚಲದ ಸ್ಪಿತಿಗೆ, ಹೆಪ್ಪುಗಟ್ಟಿದ ಜಲಪಾತ ಹತ್ತುವ ಐಸ್ ಕ್ಲೈಂಬಿಂಗಿಗೆ ಹೊರಟಿದ್ದೀಯೆಂದು ಅಕ್ಕ ಹೇಳಿದಳು. "ಈಗ ಹಿಮವೇ ಕಡಿಮೆ, ಹೆದರಬೇಡ" ಅಂದೆಯಂತೆ. ಆ ಮಾತು ಕೇಳಿ ಸುಮ್ಮನಿರಲಾಗಲಿಲ್ಲ. ಗಡಿ ರಸ್ತೆಯ ಕೆಲಸದಲ್ಲಿ ಹಿಮಾಚಲದ ಚಳಿಗಾಲ ಕಂಡವನು ನಾನು. ಹಿಮ ತೆಳ್ಳಗಿದ್ದಾಗಲೇ ಅದರ ಬುಡ ಕೆಡುವುದು, ಹಿಮಕುಸಿತಕ್ಕೆ ದಾರಿಯಾಗುವುದು.

ನೆಲ ಹೆಚ್ಚುಕಡಿಮೆ 0 ಡಿಗ್ರಿಯಲ್ಲಿರುತ್ತದೆ, ಮೇಲಿನ ಗಾಳಿ ಅದಕ್ಕಿಂತ ಎಷ್ಟೋ ತಣ್ಣಗೆ. ನಡುವಿನ ಹಿಮ ಒಂದೆರಡು ಅಡಿಯಷ್ಟೇ ಇದ್ದರೆ ಆವಿ ಅದರೊಳಗಿನಿಂದ ಮೇಲೇರುತ್ತಾ, ಅಡಿಯ ಕಣಗಳನ್ನು ಒಂದಕ್ಕೊಂದು ಅಂಟದ ಒರಟು ಹರಳುಗಳಾಗಿ ಮಾಡಿಬಿಡುತ್ತದೆ. ಆಮೇಲೆ ಬಿದ್ದ ಹಿಮ, ಗಾಳಿ ತಂದು ಒಟ್ಟಿದ ಹಿಮ ಅದರ ಮೇಲೆ ಗಟ್ಟಿ ಹಲಗೆಯಾಗುತ್ತದೆ. ಅಂಗಳದಲ್ಲಿ ಹರವಿದ ಒಣ ಅಡಿಕೆಯ ಮೇಲೆ ಹಲಗೆ ಹಾಸಿ ನಿಂತರೆ ಏನಾದೀತೆಂದು ನಿನಗೆ ಹೇಳಬೇಕಾಗಿಲ್ಲ.

ಇನ್ನೂ ಒಂದು ವಿಷಯ. ಹಳೆಯ ಹಿಮ ಉಳಿಯುವುದು ಬಿಸಿಲು ಬೀಳದ ಉತ್ತರದ ಇಳಿಜಾರುಗಳಲ್ಲಿ, ಎತ್ತರದ ಕೊರಕಲುಗಳಲ್ಲಿ. ಬೇರೆ ಕಡೆ ಕಲ್ಲು ಕಾಣುತ್ತದೆಂದು ಸ್ಕೀ ಮಾಡುವವರು ಹುಡುಕಿಕೊಂಡು ಹೋಗುವುದೂ ಅಲ್ಲಿಗೇ. ನೀನು ಹತ್ತಬೇಕೆಂದಿರುವ ಮಂಜುಗಡ್ಡೆ ಕಟ್ಟುವುದೂ ಅಂಥ ಕೊರಕಲಿನಲ್ಲೇ. ಹತ್ತುವವನ ಕಣ್ಣಿಗೆ ಎದುರಿನ ಮಂಜುಗಡ್ಡೆ ಮಾತ್ರ ಕಾಣುತ್ತದೆ. ತಲೆಯ ಮೇಲಿನ ಬೋಗುಣಿಯಂಥ ತಗ್ಗಿನಲ್ಲಿ ಗಾಳಿ ಎಷ್ಟು ಹಿಮ ತುಂಬಿಸಿದೆ, ಅದಕ್ಕೆ ಬಿಸಿಲು ಯಾವಾಗ ತಾಗುತ್ತದೆ ಎಂಬುದು ಕಾಣುವುದಿಲ್ಲ. ನಿನ್ನನ್ನು ಹೂಳುವಷ್ಟು ಹಿಮ ಬರಬೇಕೆಂದಿಲ್ಲ. ಹಿಡಿ ತಪ್ಪಿಸುವಷ್ಟು ಬಂದರೆ ಸಾಕು. ಕೆಳಗಿರುವುದು ಬಂಡೆ.

2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ದಂಡಾದಲ್ಲಿ ಹಿಮ ಕುಸಿದು, ಪರ್ವತಾರೋಹಣ ಕಲಿಯಲು ಹೋಗಿದ್ದವರು, ಕಲಿಸುವವರು ಸೇರಿ 25ಕ್ಕೂ ಹೆಚ್ಚು ಜನ ತೀರಿಹೋದರು. ಚಳಿಗಾಲ ಇನ್ನೂ ಶುರುವಾಗಿರಲಿಲ್ಲ. ಅದನ್ನು ಓದಿದ ದಿನ ನಿನ್ನ ಮುಖವೇ ಕಣ್ಣೆದುರು ಬಂದಿತ್ತು.

30ರಿಂದ 45 ಡಿಗ್ರಿಯ ಇಳಿಜಾರೇ ಹೆಚ್ಚು ಕುಸಿಯುವುದು. ಕಣ್ಣಂದಾಜು ಬೇಡ, ಅಳೆದು ನೋಡು. ಕಾಲಡಿ 'ಧುಪ್' ಎಂದು ಹಿಮ ಕುಗ್ಗಿದರೆ, ಸ್ಕೀಯ ಮುಂದೆ ಬಿರುಕು ಓಡಿದರೆ ಅಂದಿನ ಮಟ್ಟಿಗೆ ಆಟ ಮುಗಿಯಿತು, ಜೊತೆಯವರು ಏನೇ ಅನ್ನಲಿ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರ ಹಿಮಕುಸಿತದ ಮುನ್ಸೂಚನೆ ದಿನವೂ ನೋಡು. ಆದರೆ ಅದು ಇಡೀ ಜಿಲ್ಲೆಗೆ ಕೊಟ್ಟದ್ದು, ನೀನು ನಿಂತ ಕೊರಕಲಿಗಲ್ಲ. ಅಪಾಯದ ಜಾಗವನ್ನು ಒಬ್ಬೊಬ್ಬರಾಗಿ ದಾಟಿ.

ಹೂತುಹೋದವನನ್ನು 10-15 ನಿಮಿಷದೊಳಗೆ ತೆಗೆದರೆ ಬದುಕುವ ಸಂಭವ ಹೆಚ್ಚು. ಅರ್ಧ ಗಂಟೆಯಾದರೆ ಆಸೆ ತೀರಾ ಕಡಿಮೆ. ಹೊರಗಿನವರು ಬರುವಷ್ಟು ಹೊತ್ತು ಇರುವುದಿಲ್ಲ, ಜೊತೆಯವರೇ ಅಗೆಯಬೇಕು. ಆದ್ದರಿಂದ ಹೂತವನ ಜಾಗ ತೋರಿಸುವ ರೇಡಿಯೋ ಸಾಧನವಾದ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕೋಲು, ಲೋಹದ ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಬೇಕು, ಬಳಸಿ ಅಭ್ಯಾಸವೂ ಆಗಿರಬೇಕು. ಐಸ್ ಹತ್ತುವಾಗ ಭಾರವೆಂದು ಬಿಟ್ಟುಹೋಗುವವರಿದ್ದಾರೆ. ನೀನು ಹಾಗೆ ಮಾಡಬೇಡ.

ಗೈಡ್ ಯಾರು, ಯಾವ ದಿನ ಯಾವ ದಾರಿ ಎಂಬುದನ್ನು ಬರೆದು ಕಳಿಸು. ಸಾಮಾನಿಗೆ ದುಡ್ಡು ಸಾಲದಿದ್ದರೆ ಸಂಕೋಚ ಮಾಡದೆ ಹೇಳು, ಅಡಿಕೆ ಮಾರಿದ ಹಣ ಬ್ಯಾಂಕಿನಲ್ಲಿದೆ.

ಇಂತು,
ನಿನ್ನ ಮಾವ