ಸರ್ವರ್ ಪಾಠ ಕನ್ನಡ ಹೆಸರಿನಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ನಾನು ಬೆಳ್ತಂಗಡಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಶಾಲೆಯ ಸುವರ್ಣ ಮಹೋತ್ಸವಕ್ಕೆ ಹಳೆ ವಿದ್ಯಾರ್ಥಿಗಳು ಹೆಸರು ನೋಂದಾಯಿಸುವ ವೆಬ್ ಪುಟ ಬೇಕಿತ್ತು. ಮಾಡಿಕೊಡುವವರು ಸಿಗಲಿಲ್ಲ. ಬೇಸಿಗೆ ರಜೆಯಲ್ಲಿ ಕೂತು ಪಿಎಚ್‌ಪಿ, ಮೈಎಸ್‌ಕ್ಯೂಎಲ್ ನಾನೇ ಕಲಿತೆ. ಮೊದಲನೆಯದು ವೆಬ್ ಪುಟದ ಹಿಂದಿನ ಕೆಲಸ ಬರೆಯುವ ಭಾಷೆ, ಎರಡನೆಯದು ಮಾಹಿತಿ ಕೂಡಿಡುವ ಡೇಟಾಬೇಸ್. ಪಿಯುಸಿಯಲ್ಲಿ ಕಲಾ ವಿಭಾಗ ಓದಿದವಳು ನಾನು. ಇದು ನಮಗಲ್ಲ ಎಂದು ಹೆದರಿ ದೂರ ನಿಂತವರಿಗಾಗಿ ಈ ಮಾತು ಹೇಳುತ್ತಿದ್ದೇನೆ.

ಮೂಲ ವಿಷಯ ಕಷ್ಟವಲ್ಲ. ನಾಡಕಚೇರಿಯ ಕಿಟಕಿಯಲ್ಲಿ ಅರ್ಜಿ ಕೊಟ್ಟ ಹಾಗೆ ಬ್ರೌಸರ್ ಒಂದು ಕೋರಿಕೆ ಕಳಿಸುತ್ತದೆ. ಒಳಗಿರುವ ಸರ್ವರ್ ಅದನ್ನು ಓದಿ, ಪರಿಶೀಲಿಸಿ, ಡೇಟಾಬೇಸಿನಲ್ಲಿ ಬರೆದುಕೊಂಡು ಉತ್ತರ ಕೊಡುತ್ತದೆ. ಕೇಳಿದ ಪುಟ ಇಲ್ಲದಿದ್ದರೆ 404, ಒಳಗೇ ಎಡವಟ್ಟಾದರೆ 500. ಇಷ್ಟು ಒಂದು ವಾರದಲ್ಲಿ ಕೈಗೆ ಹತ್ತಿತು. ನಾನು ಎಡವಿದ್ದು ಕನ್ನಡದಲ್ಲಿ.

ನಾನು ಕಲಿತ ಪುಸ್ತಕದಲ್ಲಿ ಇದ್ದದ್ದೆಲ್ಲ ಇಂಗ್ಲಿಷ್ ಹೆಸರುಗಳು, ಎಲ್ಲವೂ ಸರಿಯಾಗಿ ನಡೆದವು. ಕನ್ನಡ ಹೆಸರು ತುಂಬಿದ ದಿನ ಡೇಟಾಬೇಸಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಶಾಲೆಯ ಹಳೆ ಕಂಪ್ಯೂಟರಿನಲ್ಲಿ ಹೆಸರು ಬರೆದಿಡುವ ಟೇಬಲ್ ಲ್ಯಾಟಿನ್1 ಎಂಬ, ಕನ್ನಡ ಅಕ್ಷರಗಳೇ ಇಲ್ಲದ ಸಂಕೇತದಲ್ಲಿತ್ತು. ಅದನ್ನು ಕನ್ನಡವನ್ನೂ ಹಿಡಿಯುವ ಯುಟಿಎಫ್-8 ಸಂಕೇತಕ್ಕೆ (ಡೇಟಾಬೇಸಿನಲ್ಲಿ ಅದರ ಹೆಸರು ಯುಟಿಎಫ್8ಎಂಬಿ4) ಬದಲಿಸಬೇಕು, ಪುಟದ ಕೋಡ್ ಡೇಟಾಬೇಸಿನೊಡನೆ ಮಾತಾಡುವ ಸಂಪರ್ಕಕ್ಕೂ ಅದನ್ನೇ ಹೇಳಬೇಕು ಎಂದು ತಿಳಿಯಲು ನಾಲ್ಕು ದಿನ ಹಿಡಿಯಿತು. ಹಾಗೆ ಕಳೆದುಹೋದ ಹೆಸರು ಮರಳಿ ಬರುವುದಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಮತ್ತೆ ಕೇಳಿ ಬರೆದೆ.

ಊರಿನ ಹೆಸರು 20 ಅಕ್ಷರ ಮೀರಬಾರದು ಎಂದು ಷರತ್ತು ಹಾಕಿದ್ದೆ. ಉಜಿರೆಯವರ ಅರ್ಜಿ ಒಳಗೆ ಹೋಯಿತು. ಧರ್ಮಸ್ಥಳದವರಿಗೆ 'ಹೆಸರು ಉದ್ದವಾಯಿತು' ಎಂಬ ಉತ್ತರ ಬಂತು. ವರ್ಷವರ್ಷವೂ ಮಕ್ಕಳಿಂದ ಪ್ರಸ್ತಾರ ಹಾಕಿಸುವ ನನಗೆ ಧರ್ಮಸ್ಥಳ ಎಂದರೆ ನಾಲ್ಕು ಅಕ್ಷರ, ಆರು ಮಾತ್ರೆ. ಆದರೆ ಪಿಎಚ್‌ಪಿಯ 'ಸ್ಟ್ರ್‌ಲೆನ್' ಉದ್ದ ಅಳೆಯುವಾಗ ಎಣಿಸುವುದು ಬೈಟುಗಳನ್ನು, ಎಂದರೆ ಕಂಪ್ಯೂಟರ್ ಅಕ್ಷರ ಕೂಡಿಡುವ ಪುಟ್ಟ ಘಟಕಗಳನ್ನು. ಧ, ರ, ಮ, ಸ, ಥ, ಳ ಆರು, ಒತ್ತು ಕೂಡಿಸುವ ಅರ್ಧಾಕ್ಷರ ಚಿಹ್ನೆ ಎರಡು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದಕ್ಕೂ 3 ಬೈಟಿನಂತೆ ಒಟ್ಟು 24. ಉಜಿರೆಗೆ 15 ಮಾತ್ರ. 'ಎಂಬಿ ಸ್ಟ್ರ್‌ಲೆನ್' ಬಳಸಿದ ಮೇಲೆ, ಅದು ಬೈಟಿನ ಬದಲು ಈ ಚಿಹ್ನೆಗಳನ್ನೇ ಎಣಿಸುವುದರಿಂದ, ಧರ್ಮಸ್ಥಳ 8 ಆಯಿತು, ಎಲ್ಲರೂ ಒಳಗೆ ಬಂದರು.

ಆಮೇಲೆ ಡಿ'ಸೋಜಾ ಎಂಬ ಹೆಸರು. ನಮ್ಮ ಕರಾವಳಿಯಲ್ಲಿ ಮನೆಮನೆಯ ಹೆಸರದು. ನಡುವಿನ ಆ ಚಿಹ್ನೆಯನ್ನು ಡೇಟಾಬೇಸ್ ಹೆಸರಿನ ಕೊನೆ ಎಂದುಕೊಂಡು, 'ಈ ಹೆಸರು ಬರೆದುಕೋ' ಎಂದು ನಾನು ಕೊಟ್ಟ ಆದೇಶವನ್ನೇ ತಪ್ಪಾಗಿ ಓದಿತು. ಕಿಡಿಗೇಡಿಗಳು ಡೇಟಾ ಕದಿಯಲು, ಅಳಿಸಲು ಬಳಸುವ ಬಾಗಿಲೂ ಇದೇ. ಆದೇಶವನ್ನು ಮೊದಲೇ ಸಿದ್ಧಪಡಿಸಿಟ್ಟು ಹೆಸರನ್ನು ಬೇರೆಯಾಗಿ ಕಳಿಸಿದರೆ ಬಾಗಿಲು ಮುಚ್ಚುತ್ತದೆ.

ನೆರವಿಗೆ ಬಂದ ನನ್ನ ಹಳೆ ವಿದ್ಯಾರ್ಥಿನಿ ಬಿಸಿಎ ಮುಗಿಸಿದವಳು. ಲ್ಯಾಬಿನಲ್ಲಿ ಒಮ್ಮೆಯೂ ಕನ್ನಡ ಹೆಸರು ತುಂಬಿ ನೋಡಿರಲಿಲ್ಲವಂತೆ. ತಪ್ಪು ಅವಳದಲ್ಲ, ಅಂಥ ಅಭ್ಯಾಸವೇ ಇರಲಿಲ್ಲ. ಡಿಪ್ಲೊಮಾ, ಬಿಸಿಎ ಪ್ರಾಯೋಗಿಕ ಪಾಠ ಬರೆಯುವವರಲ್ಲಿ ನನ್ನ ವಿನಂತಿ ಇಷ್ಟೇ: ಮೊದಲ ವಾರದಲ್ಲೇ ವಿದ್ಯಾರ್ಥಿ ತನ್ನ ಹೆಸರನ್ನು, ತನ್ನೂರನ್ನು ಕನ್ನಡದಲ್ಲಿ ತುಂಬಲಿ, ಉಳಿಸಲಿ, ಹಾಗೆಯೇ ಮರಳಿ ಓದಲಿ. ನಿಮ್ಮ ಶಿಕ್ಷಣ ಪುಟದಲ್ಲೂ ಇಂಥ ಪಾಠಕ್ಕೆ ಜಾಗ ಕೊಡಿ. ಈ ಮೂರು ತಪ್ಪುಗಳನ್ನು ಕೋಡ್ ಸಮೇತ ಬರೆದು ಕಳಿಸಲು ನಾನು ಸಿದ್ಧಳಿದ್ದೇನೆ.

– ಕನ್ನಡ ಶಿಕ್ಷಕಿ, ಬೆಳ್ತಂಗಡಿ ತಾಲ್ಲೂಕು