ಕ್ಯಾಮೆರಾ ಕೇಸಿನ ಫೋಮ್: ಗಟ್ಟಿಯಾದಷ್ಟೂ ಭದ್ರವಲ್ಲ

ಸಂಪಾದಕರಿಗೆ,

ಮಾನ್ಯರೇ,

ಕ್ಯಾಮೆರಾ ಸಾಗಿಸುವ ಕೇಸುಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸಲಹೆಗಳು ಹೊರಗಿನ ಚಿಪ್ಪಿನಲ್ಲೇ ನಿಂತುಬಿಡುತ್ತವೆ. ನೀರು ಇಳಿಯುವುದಿಲ್ಲವೇ, ಕೊಂಡಿ ಬಲವಾಗಿದೆಯೇ, ಚಕ್ರ ಉಂಟೇ ಎಂಬುದೇ ಚರ್ಚೆ. ಒಳಗಿನ ಫೋಮ್ ಬಗ್ಗೆ ಒಂದೇ ಮಾತು: ‘ಕ್ಯಾಮೆರಾ ಅಲುಗದಂತೆ ಬಿಗಿಯಾಗಿ ಕೂರಬೇಕು’. ಈ ಮಾತು ಪಕ್ಕದ ಗೋಡೆಗಳಿಗೆ ಮಾತ್ರ ಸರಿ. ತಳಕ್ಕೆ ಅನ್ವಯಿಸಿದರೆ ಕ್ಯಾಮೆರಾಕ್ಕೇ ಪೆಟ್ಟು. ತಾವೇ ಅಳತೆಗೆ ತಕ್ಕಂತೆ ಫೋಮ್ ಕೊರೆಯುವವರು ಸಿಕ್ಕಿದ್ದರಲ್ಲೇ ಗಟ್ಟಿಯಾದ ಹಾಳೆ ತಂದು ತಳಕ್ಕೂ ಗೋಡೆಗೂ ಅದನ್ನೇ ಹಾಕುವುದು ಈ ತಪ್ಪು ತಿಳಿವಳಿಕೆಯಿಂದಲೇ.

ಲೆಕ್ಕ ಸರಳ. ಮೇಜಿನ ಎತ್ತರದಿಂದ, ಅಂದರೆ 75 ಸೆಂ.ಮೀ.ನಿಂದ, ಕೇಸ್ ಬಿತ್ತು ಎನ್ನಿ. ಚಿಪ್ಪು ನೆಲ ಮುಟ್ಟಿದ ತಕ್ಷಣ ನಿಲ್ಲುತ್ತದೆ; ಒಳಗಿನ ಕ್ಯಾಮೆರಾ ನಿಲ್ಲುವುದು ಫೋಮ್ ಕುಗ್ಗಿದಷ್ಟು ದೂರದಲ್ಲಿ. ಫೋಮ್ 1 ಸೆಂ.ಮೀ. ಮಾತ್ರ ಕುಗ್ಗಿದರೆ ಕ್ಯಾಮೆರಾದ ಮೇಲೆ ಬೀಳುವ ಬಲ ಸರಾಸರಿ ಅದರ ತೂಕದ ಸುಮಾರು 75 ಪಟ್ಟು. 2.5 ಸೆಂ.ಮೀ. ಕುಗ್ಗಿದರೆ ಅದೇ ಬಲ 30 ಪಟ್ಟಿಗೆ ಇಳಿಯುತ್ತದೆ. ಇದು ಸರಾಸರಿ ಮಾತ್ರ, ಗರಿಷ್ಠ ಇನ್ನೂ ಹೆಚ್ಚೇ ಇರುತ್ತದೆ. ಆದ್ದರಿಂದ ತಳದ ಫೋಮ್‌ನ ಕೆಲಸ ಹಿಡಿದುಕೊಳ್ಳುವುದಲ್ಲ, ಕುಗ್ಗುವುದು. ಮೆತ್ತನೆಯ ಫೋಮ್ ತನ್ನ ದಪ್ಪದ ಅರ್ಧ ದಾಟಿ ಕುಗ್ಗಿದ ಮೇಲೆ ಬಿರುಸಾಗುತ್ತಾ ಹೋಗುವುದರಿಂದ 2.5 ಸೆಂ.ಮೀ. ಕುಗ್ಗಲು ತಳದಲ್ಲಿ 5 ಸೆಂ.ಮೀ. ಇಟ್ಟರೆ ಒಳ್ಳೆಯದು. ಕೇಸಿನಲ್ಲಿ ಅಷ್ಟು ಆಳವಿಲ್ಲದಿದ್ದರೂ 3 ಸೆಂ.ಮೀ.ಗಿಂತ ಕಡಿಮೆ ಬೇಡ.

ಫೋಮ್‌ನಲ್ಲಿ ನಮಗೆ ಬೇಕಾದವು ಎರಡು ಜಾತಿ. ಒಂದು ಪಾಲಿಯೂರಿಥೇನ್: ಮೆತ್ತಗೆ, ರಂಧ್ರಗಳೆಲ್ಲ ಒಂದಕ್ಕೊಂದು ತೆರೆದುಕೊಂಡು ಗಾಳಿಯನ್ನೂ ನೀರನ್ನೂ ಹೀರುತ್ತದೆ. ಇನ್ನೊಂದು ಪಾಲಿಎಥಿಲೀನ್: ಗುಳ್ಳೆಗಳು ಮುಚ್ಚಿಕೊಂಡಿರುತ್ತವೆ, ನೀರು ಕುಡಿಯುವುದಿಲ್ಲ, ಕೊರೆದ ಅಂಚು ಚೊಕ್ಕವಾಗಿ ನಿಲ್ಲುತ್ತದೆ. ಗೋಡೆಗೆ ಪಾಲಿಎಥಿಲೀನ್, ಘನ ಮೀಟರಿಗೆ 33ರಿಂದ 45 ಕಿಲೊ ಸಾಂದ್ರತೆಯದು ಸಾಕು. ತಳಕ್ಕೆ ಪಾಲಿಯೂರಿಥೇನ್. ಚಪ್ಪಲಿಯ ಅಟ್ಟೆಗೆ ಬಳಸುವಂಥ ಇವಿಎ ಫೋಮ್ ಹಾಳೆ ನೋಡಲು ಅಂದ, ಆದರೆ ಹಗುರ ಕ್ಯಾಮೆರಾದ ಕೆಳಗೆ ಅದು ಹಲಗೆಯಂತೆಯೇ ವರ್ತಿಸುತ್ತದೆ. ಪಿವಿಸಿ ಫೋಮ್ ಮಾತ್ರ ಹತ್ತಿರ ಸೇರಿಸಬೇಡಿ. ಅದರಿಂದ ಜಿನುಗುವ ಮೆದುಕಾರಕಗಳು ರಬ್ಬರ್ ಹಿಡಿಗೂ ಪ್ಲಾಸ್ಟಿಕ್ಕಿಗೂ ಅಂಟುತ್ತವೆ.

ತೂಕ ಎಷ್ಟು ಎನ್ನುವುದಕ್ಕಿಂತ ಆ ತೂಕ ಎಷ್ಟು ಜಾಗದ ಮೇಲೆ ಹರಡಿದೆ ಎನ್ನುವುದು ಮುಖ್ಯ. 800 ಗ್ರಾಮಿನ ಬಾಡಿ (ಲೆನ್ಸ್ ಬಿಚ್ಚಿದ ಕ್ಯಾಮೆರಾ) 13x6 ಸೆಂ.ಮೀ. ತಳದ ಮೇಲೆ ಕೂತರೆ ಚದರ ಸೆಂ.ಮೀ.ಗೆ ಸುಮಾರು 10 ಗ್ರಾಂ. ಇದಕ್ಕೆ ಮೆತ್ತನೆಯದೇ ಸರಿ, ಗಟ್ಟಿ ಫೋಮ್ ಇಷ್ಟು ಹಗುರ ಹೊರೆಗೆ ಜಗ್ಗುವುದೇ ಇಲ್ಲ. 1.5 ಕಿಲೊದ ಉದ್ದ ಲೆನ್ಸನ್ನು 7 ಸೆಂ.ಮೀ. ಅಗಲದ ಹಿಂಮುಚ್ಚಳದ ಮೇಲೆ ನಿಲ್ಲಿಸಿದರೆ ಚದರ ಸೆಂ.ಮೀ.ಗೆ 39 ಗ್ರಾಂ ಬೀಳುತ್ತದೆ. ಬಾಡಿಗೆ ಹದವಾಗಿದ್ದ ಅದೇ ಮೆತ್ತನೆ ಪದರವನ್ನು ಇದು ಕೆಳಗಿನವರೆಗೂ ಒತ್ತಿಕೊಂಡು ಹೋಗಿ ಚಿಪ್ಪಿಗೆ ಬಡಿಯುತ್ತದೆ. ಜಾಗವಿದ್ದರೆ ಲೆನ್ಸನ್ನು ಮಲಗಿಸುವುದು ಮೇಲು. ನಿಲ್ಲಿಸಲೇಬೇಕಾದರೆ 12 ಸೆಂ.ಮೀ. ಅಗಲದ ತೆಳು ಪ್ಲೈವುಡ್ ಬಿಲ್ಲೆ ಕತ್ತರಿಸಿ, ಅದರ ಮೇಲೆ 5 ಮಿ.ಮೀ. ಫೋಮ್ ಅಂಟಿಸಿ, ಮೆತ್ತನೆ ಪದರದಲ್ಲಿ ಅಷ್ಟೇ ಆಳ ಕೆತ್ತಿ ಕೂರಿಸಿ. ಹೊರೆ ಹರಡಿ 13 ಗ್ರಾಮಿನ ಆಸುಪಾಸಿಗೆ ಬರುತ್ತದೆ.

ಅಂತರದ ವಿಷಯದಲ್ಲಿ ಜಿಪುಣತನ ಬೇಡ. ಸಾಮಾನು ಕೂರಲು ಫೋಮ್‌ನಲ್ಲಿ ಕೊರೆದ ಎರಡು ಗೂಡುಗಳ ನಡುವೆ ಕನಿಷ್ಠ 2.5 ಸೆಂ.ಮೀ. ಗೋಡೆ, ಗೂಡಿನಿಂದ ಚಿಪ್ಪಿನವರೆಗೆ 3ರಿಂದ 4 ಸೆಂ.ಮೀ. ಇನ್ನೊಂದು ಫ್ಲ್ಯಾಶ್ ತೂರಿಸೋಣ ಎಂದು ಗೋಡೆಯನ್ನು 1 ಸೆಂ.ಮೀ.ಗೆ ಇಳಿಸಿದರೆ ಕುಲುಕಾಟದಲ್ಲಿ ಆ ಗೋಡೆ ಬಾಗಿ ಎರಡು ಲೋಹಗಳು ಪರಸ್ಪರ ಗುದ್ದುತ್ತವೆ. ಕೇಸಿನ ಜೊತೆಗೇ ಬರುವ, ಚೌಕ ಚೌಕವಾಗಿ ಮೊದಲೇ ಸೀಳಿಟ್ಟ ಕಿತ್ತು ತೆಗೆಯುವ ಫೋಮ್‌ನ ದೋಷವೂ ಇದೇ. ಒಂದೇ ಸಾಲು ಚೌಕ ಉಳಿದ ಗೋಡೆ ಕೆಲವೇ ದಿನಗಳಲ್ಲಿ ಹರಿಯುತ್ತದೆ. ಅದನ್ನೇ ಬಳಸುವುದಾದರೆ ಎರಡು ಸಾಲಾದರೂ ಉಳಿಸಿ.

ಇನ್ನು ಅಚ್ಚು. ಬಾಡಿಯನ್ನು ರಟ್ಟಿನ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆಯುವುದು ಎಲ್ಲರೂ ಮಾಡುವ ಕ್ರಮ. ಆದರೆ ಕ್ಯಾಮೆರಾದ ಅತ್ಯಗಲದ ಭಾಗ ತಳದಲ್ಲಿರುವುದಿಲ್ಲ, ಪೆನ್ಸಿಲ್ ಒಳಕ್ಕೆ ವಾಲಿದರೆ ಗೂಡು ಚಿಕ್ಕದಾಗುತ್ತದೆ. ನೇರ ಅಂಚಿನ ಮರದ ತುಂಡೊಂದನ್ನು ಬಾಡಿಗೆ ತಾಗಿಸಿ ನಿಲ್ಲಿಸಿ, ಅದರ ಬುಡದಲ್ಲಿ ಗುರುತು ಹಾಕುತ್ತಾ ಸುತ್ತ ಬನ್ನಿ. ಮೊಬೈಲಿನಲ್ಲಿ ಮೇಲಿನಿಂದ ಫೋಟೊ ತೆಗೆದು ಅದೇ ಅಳತೆಗೆ ಪ್ರಿಂಟ್ ಹಾಕುವವರಿಗೆ ಒಂದು ಎಚ್ಚರಿಕೆ: ಹತ್ತಿರದಿಂದ ತೆಗೆದರೆ ಎತ್ತರದ ಭಾಗಗಳು ದೊಡ್ಡದಾಗಿ ಕಾಣುತ್ತವೆ. ಎರಡು ಮೀಟರ್ ದೂರ ಹೋಗಿ ಜೂಮ್ ಮಾಡಿ. ಪಕ್ಕದಲ್ಲಿ ಸ್ಕೇಲ್ ಇಡುವುದಾದರೆ ಅದು ನೆಲದ ಮೇಲಲ್ಲ, ಕ್ಯಾಮೆರಾದ ಅರ್ಧ ಎತ್ತರದಲ್ಲಿರಬೇಕು.

ಪಾಲಿಎಥಿಲೀನನ್ನು ಗೆರೆಯ ಮೇಲೆಯೇ ಅಥವಾ 1 ಮಿ.ಮೀ. ಹೊರಗೆ ಕತ್ತರಿಸಿ, ಮೆತ್ತನೆಯದರಲ್ಲಿ ಗೂಡು ಮಾಡುವುದಿದ್ದರೆ 2ರಿಂದ 3 ಮಿ.ಮೀ. ಒಳಗೆ. ಮೋಡ್ ಡಯಲ್, ಶಟರ್ ಗುಂಡಿ, ಆನ್-ಆಫ್ ಸ್ವಿಚ್ ಇರುವ ಕಡೆ 5 ಮಿ.ಮೀ. ಹೆಚ್ಚು ಬಿಡಿ. ಬಿಗಿ ಗೂಡಿನಲ್ಲಿ ಸ್ವಿಚ್ ತಾನಾಗಿ ಜಾರಿ ಆನ್ ಆಗಿ, ಶಟರ್ ಗುಂಡಿ ದಾರಿಯುದ್ದಕ್ಕೂ ಅರ್ಧ ಒತ್ತಿಕೊಂಡೇ ಇರುತ್ತದೆ. ಊರು ಮುಟ್ಟುವಾಗ ಬ್ಯಾಟರಿ ಖಾಲಿ.

ಕತ್ತರಿಸುವುದರಲ್ಲಿ ಕೈಚಳಕಕ್ಕಿಂತ ಬ್ಲೇಡ್ ದೊಡ್ಡದು. 18 ಮಿ.ಮೀ. ಅಗಲದ, ತುದಿ ಮುರಿಯುವ ಬ್ಲೇಡಿನ ಕಟ್ಟರ್ ತೆಗೆದುಕೊಂಡು ಪ್ರತಿ ಗೂಡಿಗೂ ಹೊಸ ತುದಿ ಬಳಸಿ. ಒತ್ತಬೇಡಿ. ಒತ್ತಿದರೆ ಬ್ಲೇಡಿನ ಮುಂದೆ ಫೋಮ್ ತಗ್ಗುತ್ತದೆ, ಬ್ಲೇಡ್ ದಾಟಿದ ಮೇಲೆ ಎದ್ದು ನಿಲ್ಲುತ್ತದೆ. ಮೇಲೆ ಗೆರೆ ಸರಿಯಿದ್ದರೂ ಗೋಡೆಯ ನಡುಭಾಗ ಹೊಟ್ಟೆ ಬಂದಂತೆ ಉಬ್ಬಿರುತ್ತದೆ. ಮೊದಲ ಸಲ ಗೆರೆ ಮೂಡುವಷ್ಟೇ ಗೀರಿ, ಆಮೇಲೆ ಗರಗಸದಂತೆ ಮೇಲೆ ಕೆಳಗೆ ಆಡಿಸುತ್ತಾ 1 ಸೆಂ.ಮೀ.ನಂತೆ ಇಳಿಯಿರಿ. 5 ಸೆಂ.ಮೀ. ದಪ್ಪವನ್ನು ಒಂದೇ ಏಟಿಗೆ ಕೊರೆಯುವ ಬದಲು 2.5 ಸೆಂ.ಮೀ.ನ ಎರಡು ಹಾಳೆಗಳನ್ನು ಬೇರೆ ಬೇರೆ ಕೊರೆದು ಜೋಡಿಸುವುದು ಎಷ್ಟೋ ಸುಲಭ. ಲೆನ್ಸ್ ತೆಳ್ಳಗಾಗುವ ಕಡೆ ಕೆಳಗಿನ ಹಾಳೆಯ ಗೂಡನ್ನು ಕಿರಿದಾಗಿಸಲೂ ಬರುತ್ತದೆ. ಕಾದ ತಂತಿಯಿಂದ ಪಾಲಿಎಥಿಲೀನ್ ಕೊಯ್ಯಬಹುದು, ಗಾಳಿಯಾಡುವ ಜಾಗದಲ್ಲಿ ಮಾತ್ರ. ಪಾಲಿಯೂರಿಥೇನಿಗೆ ಕಾದ ತಂತಿ ಖಂಡಿತ ಬೇಡ, ಅದರ ಹೊಗೆ ವಿಷ.

ಬೆರಳು ಹಾಕಲು ಜಾಗ ಬಿಡುವುದನ್ನು ಮರೆಯುವವರೇ ಹೆಚ್ಚು. ಗೂಡಿನ ಎರಡೂ ಪಕ್ಕ 2.5 ಸೆಂ.ಮೀ. ಅಗಲದ ಅರೆವೃತ್ತ ಬೇಕು. ಅಂಚು ಮಸೆದ ಲೋಹದ ಕೊಳವೆಯನ್ನು ತಿರುಗಿಸುತ್ತಾ ಇಳಿಸಿದರೆ ಅಚ್ಚುಕಟ್ಟಾಗಿ ಬರುತ್ತದೆ. ಇದಿಲ್ಲದಿದ್ದರೆ ಬಾಡಿಯನ್ನು ಪಟ್ಟಿ ಹಿಡಿದು ಎಳೆಯುತ್ತೀರಿ, ಗೋಡೆ ಒಳಗಿನಿಂದ ಕಿತ್ತುಬರುತ್ತದೆ. ಬಾಡಿಗಿಂತ ಭಾರದ ಲೆನ್ಸನ್ನು ಬಿಚ್ಚಿಯೇ ಇಡಿ. ಕೂಡಿಸಿಟ್ಟರೆ ಬಿದ್ದಾಗ ಏಟೆಲ್ಲ ಮೌಂಟಿನ, ಅಂದರೆ ಬಾಡಿಗೆ ಲೆನ್ಸ್ ಕೂಡಿಕೊಳ್ಳುವ ಬಳೆಯ, ನಾಲ್ಕಾರು ಸ್ಕ್ರೂಗಳಿಗೆ. ಚಿಕ್ಕ ಲೆನ್ಸ್ ಜೊತೆಗಿದ್ದರೆ ಅದರ ಕೆಳಗೂ ಆಸರೆ ಬರುವಂತೆ ಗೂಡಿನ ಆಳ ಹೊಂದಿಸಿ.

ಪಾಲಿಎಥಿಲೀನ್ ಅಂಟು ಹಿಡಿಯುವುದರಲ್ಲಿ ಹಟಮಾರಿ. ಕಾಗದದ ಗೋಂದು, ಬಿಳಿ ಅಂಟು ಎಲ್ಲ ಒಣಗಿದ ಮೇಲೆ ಸಿಪ್ಪೆಯಂತೆ ಏಳುತ್ತವೆ. ಸ್ಪ್ರೇ ಕಾಂಟ್ಯಾಕ್ಟ್ ಅಂಟನ್ನು ಎರಡೂ ಮೈಗೆ ಹೊಡೆದು, ಕೈಗೆ ಮೆತ್ತಿಕೊಳ್ಳದಷ್ಟು ಆರಿದ ಮೇಲೆ ಒತ್ತಬೇಕು. ಅಂಟಿಸಿದ ಫೋಮನ್ನು ಎರಡು ದಿನ ಬಯಲಿಗಿಟ್ಟು, ವಾಸನೆ ಹೋದ ಮೇಲಷ್ಟೇ ಲೆನ್ಸ್ ಇಡಿ. ಮುಚ್ಚಿದ ಕೇಸಿನಲ್ಲಿ ಆ ಆವಿ ಗಾಜಿನ ಮೇಲೆ ಮಬ್ಬಾಗಿ ಕೂರುತ್ತದೆ. ಗೋಡೆಯ ಪದರಗಳನ್ನು ಒಂದಕ್ಕೊಂದು ಅಂಟಿಸಿ, ತಳದ ಮೆತ್ತನೆ ಪದರವನ್ನು ಮಾತ್ರ ಅಂಟಿಸದೆ ಸುಮ್ಮನೆ ಹಾಸಿ. ಕತ್ತರಿಸಿದ ಪುಡಿಯನ್ನು ವ್ಯಾಕ್ಯೂಮಿನಿಂದ ಎಳೆದು, ಉಳಿದದ್ದನ್ನು ಅಂಟುಟೇಪಿನಿಂದ ಒತ್ತಿ ತೆಗೆಯಿರಿ. ಒಂದು ಚೂರು ಸೆನ್ಸರಿನ ಮೇಲೆ ಕೂತರೂ ಫೋಟೊದಲ್ಲಿ ಕಾಣುತ್ತದೆ.

ಮುಚ್ಚಳದ ಫೋಮ್ ಸಾಮಾನುಗಳನ್ನು 5 ಮಿ.ಮೀ.ನಷ್ಟು ಒತ್ತಿದರೆ ಸಾಕು. ಮುಚ್ಚಲು ಮೊಣಕಾಲು ಊರಬೇಕಾಗಿ ಬಂದರೆ ಗೂಡು ಆಳವಿಲ್ಲ ಎಂದರ್ಥ. ಬಿಡಿ ಲಿಥಿಯಂ ಬ್ಯಾಟರಿಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಸೀಳು ಕೊಡಿ, ತುದಿಗಳು ಒಂದಕ್ಕೊಂದು ತಾಗಬಾರದು. ವಿಮಾನದಲ್ಲಿ ಅವು ಚೆಕ್-ಇನ್ ಲಗೇಜಿಗೆ ಹೋಗುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. ಹಾಗಾಗಿ ಆ ಭಾಗವನ್ನು ಬೇರೆ ತುಂಡಾಗಿಯೇ ಕೊರೆದಿಟ್ಟರೆ ಇಡಿಯಾಗಿ ಎತ್ತಿಕೊಳ್ಳಬಹುದು.

ಎಷ್ಟೇ ಚೆನ್ನಾಗಿ ಮಾಡಿದರೂ ಇದು ಪ್ರಯಾಣದ ಪೆಟ್ಟಿಗೆ, ಬೀರು ಅಲ್ಲ. ನೀರು ಒಳಗೆ ಬಾರದ ಕೇಸಿನಿಂದ ತೇವ ಹೊರಗೂ ಹೋಗುವುದಿಲ್ಲ. ಒದ್ದೆ ಹವೆಯಲ್ಲಿ ಮುಚ್ಚಿ ತಿಂಗಳುಗಟ್ಟಲೆ ಇಟ್ಟರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್‌ಗೆ ಒಂದು ಗೂಡು ಮಾಡಿ, ಹರಳಿನ ಬಣ್ಣ ತಿರುಗಿದಾಗ ಬದಲಿಸಿ, ಮನೆ ಸೇರಿದ ಮೇಲೆ ಕ್ಯಾಮೆರಾ ಹೊರಗಿಡಿ. ಅದೇ ತೇವ ಪಾಲಿಯೂರಿಥೇನನ್ನೂ ವರ್ಷಗಳು ಕಳೆದಂತೆ ಒಡೆಯುತ್ತದೆ: ಮೊದಲು ಜಿಗುಟು, ಆಮೇಲೆ ಪುಡಿ. ಆಗಾಗ ತಳವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟು ನೋಡಿ. ಗುಂಡಿ ಹಾಗೇ ಉಳಿದರೆ, ಬೆರಳಿಗೆ ಅಂಟಿದರೆ ಆ ಪದರದ ಆಯಸ್ಸು ಮುಗಿಯಿತು. ಅಂಟಿಸದೆ ಹಾಸಿದ್ದರೆ ಅದೊಂದನ್ನೇ ತೆಗೆದು ಬೇರೆ ಹಾಕಬಹುದು, ಕಷ್ಟಪಟ್ಟು ಕೊರೆದ ಗೂಡುಗಳು ಹಾಗೇ ಇರುತ್ತವೆ.

ಇತಿ,
ನಿಮ್ಮ ಓದುಗರು